ಎಂಜಿನ್ ದೀಪ ಉರಿದ ತಕ್ಷಣ ಕನ್ವರ್ಟರ್ ಬದಲಿಸಬೇಕೇ?

[ದೃಶ್ಯ: ಡ್ಯಾಶ್‌ಬೋರ್ಡ್‌ನಲ್ಲಿ ಹಳದಿ ಎಂಜಿನ್ ದೀಪ. ಹೊರಗೆ ಮಳೆ, ವೈಪರ್ ಸದ್ದು.]

ನಮಸ್ಕಾರ. ಕಾಪುವಿನ ವೀಕ್ಷಕರೊಬ್ಬರು ಒಳ್ಳೆಯ ಪ್ರಶ್ನೆ ಕಳುಹಿಸಿದ್ದಾರೆ. ಅವರ ಪೆಟ್ರೋಲ್ ಕಾರಿನಲ್ಲಿ ಎಂಜಿನ್ ದೀಪ ಉರಿಯುತ್ತಿದೆ. ಗ್ಯಾರೇಜಿನವರು ಸ್ಕ್ಯಾನರ್ ಚುಚ್ಚಿದ್ದಾರೆ, ‘ಪಿ0420’ ಎಂಬ ಕೋಡ್ ಬಂದಿದೆ. ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಹೋಗಿದೆ, ಹೊಸದು ಹಾಕಬೇಕು ಎಂದು ತೀರ್ಪು ಕೊಟ್ಟಿದ್ದಾರೆ. ಮೊತ್ತ ಕೇಳಿ ಇವರು ಕಾರನ್ನು ಹಾಗೆಯೇ ಮನೆಗೆ ತಂದಿದ್ದಾರೆ. ವಿಚಿತ್ರವೆಂದರೆ, ಅದೇ ಕಾರು ಹೊಗೆ ತಪಾಸಣೆಯಲ್ಲಿ ಯಾವ ತಕರಾರೂ ಇಲ್ಲದೆ ಪಾಸಾಗಿದೆ. ಹೊಗೆ ಸರಿಯಾಗಿದೆ ಎಂದು ಸರ್ಟಿಫಿಕೇಟ್ ಹೇಳುತ್ತಿದೆ, ಸರಿಯಿಲ್ಲ ಎಂದು ಕಾರು ಹೇಳುತ್ತಿದೆ. ‘ಇಬ್ಬರಲ್ಲಿ ಯಾರನ್ನು ನಂಬಲಿ?’ ಎಂಬುದು ಅವರ ಪ್ರಶ್ನೆ.

ಹೇಳಿಬಿಡುತ್ತೇನೆ: ನಿಮ್ಮ ಕಾರಿಗೆ ಹೊಗೆಯನ್ನು ಅಳೆಯಲು ಬರುವುದೇ ಇಲ್ಲ. ಪೆಟ್ರೋಲ್ ಕಾರುಗಳಲ್ಲಿ ಇಂಗಾಲದ ಮಾನಾಕ್ಸೈಡ್ ಎಷ್ಟು ಹೊರಬಂತು, ಉರಿಯದ ಪೆಟ್ರೋಲ್ ಎಷ್ಟು ಹೊರಬಂತು ಎಂದು ನೋಡುವ ಸೆನ್ಸರ್ ಇರುವುದಿಲ್ಲ. ಕಾರು ನೋಡುವುದು ಆಮ್ಲಜನಕವನ್ನು ಮಾತ್ರ. ಉಳಿದದ್ದೆಲ್ಲ ಅದರ ಊಹೆ.

[ದೃಶ್ಯ: ಲಿಫ್ಟ್ ಮೇಲಿರುವ ಕಾರಿನ ತಳಭಾಗ.]

ಮೂಲ ವಿಷಯವನ್ನು ಓಡಿಸಿಕೊಂಡು ಹೋಗುತ್ತೇನೆ. ಎಂಜಿನ್‌ನಿಂದ ಹೊರಡುವ ಎಕ್ಸಾಸ್ಟ್ ಪೈಪಿನ ನಡುವೆ ಉಬ್ಬಿಕೊಂಡಿರುವ ಉಕ್ಕಿನ ಡಬ್ಬವೇ ಕನ್ವರ್ಟರ್. ಬೇಗ ಬಿಸಿಯಾಗಲಿ ಎಂದು ಹೊಸ ಕಾರುಗಳಲ್ಲಿ ಅದನ್ನು ಎಂಜಿನ್‌ಗೆ ತಾಗಿಸಿಯೇ ಕೂರಿಸಿರುತ್ತಾರೆ. ಒಳಗೆ ಸಣ್ಣ ಸಣ್ಣ ಕಿಂಡಿಗಳ ಸೆರಾಮಿಕ್ ತುಂಡು. ಒಂದು ಚದರ ಇಂಚಿನಲ್ಲಿ ಸಾಮಾನ್ಯವಾಗಿ 400ರಿಂದ 600 ಕಿಂಡಿ. ಅವುಗಳ ಗೋಡೆಗೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಸವರಿರುತ್ತಾರೆ. ಇಂಗಾಲದ ಮಾನಾಕ್ಸೈಡನ್ನು ಡೈಆಕ್ಸೈಡ್ ಮಾಡುವುದು, ಉರಿಯದ ಇಂಧನವನ್ನು ಸುಟ್ಟು ಮುಗಿಸುವುದು, ಸಾರಜನಕದ ಆಕ್ಸೈಡುಗಳನ್ನು ಒಡೆದು ಮತ್ತೆ ಸಾರಜನಕ ಮಾಡುವುದು, ಈ ಮೂರು ಅದರ ಕೆಲಸ. ಸುಮಾರು 250ರಿಂದ 300 ಡಿಗ್ರಿ ಬಿಸಿಯಾಗುವವರೆಗೆ ಅದು ಕೆಲಸಕ್ಕೇ ಇಳಿಯುವುದಿಲ್ಲ. ಸೀಸ ಬೆರೆತ ಪೆಟ್ರೋಲ್ ಅದಕ್ಕೆ ವಿಷ. ಹಾಗಾಗಿಯೇ 1995ರಲ್ಲಿ ನಾಲ್ಕು ಮಹಾನಗರಗಳ ಹೊಸ ಕಾರುಗಳಿಗೆ ಕನ್ವರ್ಟರ್ ಕಡ್ಡಾಯ ಮಾಡಿದಾಗ ಸೀಸರಹಿತ ಪೆಟ್ರೋಲನ್ನೂ ತರಬೇಕಾಯಿತು. 2000ದ ಫೆಬ್ರವರಿಯಿಂದ ದೇಶದ ಎಲ್ಲ ಬಂಕುಗಳಲ್ಲೂ ಸೀಸರಹಿತವೇ. ಇತಿಹಾಸ ಇಲ್ಲಿಗೆ ಸಾಕು.

ಈಗ ನನಗೆ ಬಹಳ ಇಷ್ಟವಾದ ಭಾಗ. ಇದನ್ನು ಅವಸರದಲ್ಲಿ ಹೇಳುವುದಿಲ್ಲ.

ಒಂದು ಪಾಲು ಪೆಟ್ರೋಲಿಗೆ 14.7 ಪಾಲು ಗಾಳಿ, ಇದು ಲೆಕ್ಕದ ಪ್ರಕಾರ ಸರಿಯಾದ ಮಿಶ್ರಣ. ಆದರೆ ಕಾರಿನ ಕಂಪ್ಯೂಟರ್ ಆ ಅಂಕಿಯ ಮೇಲೆ ಕದಲದೆ ನಿಲ್ಲುವುದಿಲ್ಲ. ಬೇಕೆಂದೇ ಒಮ್ಮೆ ಪೆಟ್ರೋಲನ್ನು ಕೂದಲೆಳೆಯಷ್ಟು ಹೆಚ್ಚಿಸುತ್ತದೆ, ಮರುಗಳಿಗೆಯಲ್ಲಿ ಅಷ್ಟೇ ಕಡಿಮೆ ಮಾಡುತ್ತದೆ. ಹಾಗಾಗಿ ಕನ್ವರ್ಟರ್‌ಗೆ ಬರುವ ಹೊಗೆಯಲ್ಲಿ ಆಮ್ಲಜನಕ ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ. ಕನ್ವರ್ಟರ್‌ಗಿಂತ ಮೊದಲು ಕೂರಿಸಿರುವ ಆಮ್ಲಜನಕದ ಸೆನ್ಸರ್‌ನ, ಅಂದರೆ ಮುಂದಿನ ಸೆನ್ಸರ್‌ನ ವೋಲ್ಟೇಜ್ 0.1ರಿಂದ 0.9ರವರೆಗೆ ಮೇಲೆ ಕೆಳಗೆ ಕುಣಿಯುತ್ತಲೇ ಇರುತ್ತದೆ. ಕನ್ವರ್ಟರ್ ದಾಟಿದ ಮೇಲೆ ಇನ್ನೊಂದು ಸೆನ್ಸರ್ ಇದೆ, ಅದು ಹಿಂದಿನ ಸೆನ್ಸರ್. ಅಲ್ಲಿ ಮಾತ್ರ ಗೆರೆ 0.6, 0.7ರ ಆಸುಪಾಸಿನಲ್ಲಿ ಹೆಚ್ಚುಕಡಿಮೆ ಸಪಾಟು.

[ದೃಶ್ಯ: ಮೊಬೈಲ್ ಪರದೆಯಲ್ಲಿ ಎರಡು ಗೆರೆಗಳು. ಮೇಲಿನದು ಕುಣಿಯುತ್ತಿದೆ, ಕೆಳಗಿನದು ನೇರ.]

ಆ ಕುಣಿತ ಎಲ್ಲಿಗೆ ಹೋಯಿತು? ನಮ್ಮ ಕಡೆಯ ಗುಡ್ಡಗಳ ಮದಕವನ್ನು, ಅಂದರೆ ಮಳೆನೀರು ಹಿಡಿದಿಡುವ ಕೆರೆಯನ್ನು ನೆನಪಿಸಿಕೊಳ್ಳಿ. ಮೇಲಿನಿಂದ ಬರುವ ನೀರಿಗೆ ಲೆಕ್ಕವಿಲ್ಲ. ಜೋರು ಮಳೆ ಬಿದ್ದಾಗ ಕೆಂಪಗೆ ನುಗ್ಗುತ್ತದೆ, ಮಳೆ ನಿಂತರೆ ಸೊರಗುತ್ತದೆ. ಆದರೆ ಮದಕದ ತೂಬಿನಿಂದ ಕೆಳಗಿನ ಅಡಕೆ ತೋಟಕ್ಕೆ ಇಳಿಯುವ ತೋಡಿನಲ್ಲಿ ನೀರು ಒಂದೇ ಸಮ. ಹೆಚ್ಚು ಬಂದದ್ದನ್ನು ಮದಕ ಹಿಡಿದಿಟ್ಟುಕೊಳ್ಳುತ್ತದೆ, ಕಡಿಮೆ ಬಂದಾಗ ತನ್ನಲ್ಲಿರುವುದನ್ನು ಬಿಡುತ್ತದೆ. ಕನ್ವರ್ಟರ್ ಒಳಗಿನ ಆ ಮದಕದ ಹೆಸರು ಸೀರಿಯಂ ಆಕ್ಸೈಡ್. ಆಮ್ಲಜನಕ ಹೆಚ್ಚಾದಾಗ ಹೀರಿಕೊಳ್ಳುತ್ತದೆ, ಕೊರತೆಯಾದಾಗ ಕೊಡುತ್ತದೆ. ದುಬಾರಿ ಲೋಹಗಳಿಗೆ ಸಿಗುವ ಹೊಗಳಿಕೆಯಲ್ಲಿ ಇದಕ್ಕೆ ಪಾಲಿಲ್ಲ, ಆದರೆ ನಿಮ್ಮ ಎಂಜಿನ್ ದೀಪದ ಸ್ವಿಚ್ ಇರುವುದು ಇದರ ಕೈಯಲ್ಲಿ.

ಈಗ ಮದಕದಲ್ಲಿ ಹೂಳು ತುಂಬಿತು ಎನ್ನಿ. ಹಿಡಿದಿಡಲು ಜಾಗವಿಲ್ಲ. ಮೇಲೆ ನೀರು ನುಗ್ಗಿದರೆ ಕೆಳಗೂ ನುಗ್ಗುತ್ತದೆ, ಮೇಲೆ ಸೊರಗಿದರೆ ಕೆಳಗೂ ಸೊರಗುತ್ತದೆ. ಯಾರೂ ಗುಡ್ಡ ಹತ್ತಿ ಹೂಳು ಅಳೆಯಬೇಕಾಗಿಲ್ಲ, ತೋಡಿನ ಬದಿಯಲ್ಲಿ ನಿಂತು ನೋಡಿದರೇ ಗೊತ್ತಾಗುತ್ತದೆ. ಕಾರಿನ ಕಂಪ್ಯೂಟರ್ ಮಾಡುವುದು ಇದನ್ನೇ. ಹಿಂದಿನ ಸೆನ್ಸರ್‌ನ ಗೆರೆ ಮುಂದಿನದರಂತೆಯೇ ಕುಣಿಯತೊಡಗಿದರೆ, ‘ಮದಕದಲ್ಲಿ ಹೂಳು’ ಎಂದು ಬರೆದುಕೊಳ್ಳುತ್ತದೆ. ಸಾಮಾನ್ಯವಾಗಿ ಮುಂದಿನ ಓಟದಲ್ಲೂ ಹಾಗೆಯೇ ಕಂಡರೆ ದೀಪ ಹಚ್ಚುತ್ತದೆ. ಅದೇ ಪಿ0420.

ಆದರೆ ತೋಡಿನ ನೀರು ಏರಿಳಿಯಲು ಹೂಳೊಂದೇ ಕಾರಣವಲ್ಲವಲ್ಲ? ತೋಡಿಗೆ ಬದಿಯಿಂದ ಬೇರೆ ನೀರು ಸೇರುತ್ತಿರಬಹುದು, ನೋಡುವವನ ಕಣ್ಣೇ ಮಂಜಾಗಿರಬಹುದು. ಗ್ಯಾರೇಜಿನ ತೀರ್ಪು ಎಡವುವುದು ಇಲ್ಲಿಯೇ.

[ದೃಶ್ಯ: ತುಕ್ಕು ಹಿಡಿದ ಫ್ಲ್ಯಾಂಜ್. ಜೋಡಣೆಯ ಸುತ್ತ ಕಪ್ಪು ಮಸಿ.]

ಬದಿಯ ನೀರು ಎಂದರೆ ಎಕ್ಸಾಸ್ಟ್ ಸೋರಿಕೆ. ಪಣಂಬೂರು, ಉಳ್ಳಾಲ, ಮಲ್ಪೆಯ ಕಡೆ ಇರುವವರು ಇದನ್ನು ಗಮನವಿಟ್ಟು ಕೇಳಬೇಕು. ಉಪ್ಪುಗಾಳಿ ಮತ್ತು ತಿಂಗಳುಗಟ್ಟಲೆ ಮಳೆಯ ನಡುವೆ ಪೈಪಿನ ಜೋಡಣೆಗಳು ತುಕ್ಕು ಹಿಡಿಯುತ್ತವೆ. ರಸ್ತೆಯ ಉಬ್ಬಿಗೆ ತಳ ತಾಗಿಸಿದವರ ಕಾರಿನಲ್ಲಿ ಜಾಲರಿಯ ಫ್ಲೆಕ್ಸ್ ಪೈಪ್ ಹರಿದಿರುತ್ತದೆ. ಸೋರುವ ಜಾಗದಲ್ಲಿ ಹೊಗೆ ಹೊರಗೆ ಹೋಗುವುದಷ್ಟೇ ಅಲ್ಲ, ಹೊಗೆಯ ಪ್ರತಿ ಬಡಿತದ ನಡುವಿನ ಎಳೆತಕ್ಕೆ ಹೊರಗಿನ ಗಾಳಿ ಒಳಗೂ ಬರುತ್ತದೆ. ಸೆನ್ಸರ್‌ಗೆ ಎಲ್ಲಿಂದಲೋ ಬಂದ ಆಮ್ಲಜನಕ ಕಾಣುತ್ತದೆ, ಕಂಪ್ಯೂಟರ್‌ನ ಲೆಕ್ಕ ತಪ್ಪುತ್ತದೆ. ಬೆಳಿಗ್ಗೆ ತಣ್ಣಗಿರುವಾಗ ಎಂಜಿನ್ ಚಾಲೂ ಮಾಡಿ, ಬೋನೆಟ್ ತೆರೆದು ಕಿವಿಗೊಡಿ. ಟಿಕ್ ಟಿಕ್ ಎಂಬ ಸದ್ದು, ಜೋಡಣೆಯ ಸುತ್ತ ಕಪ್ಪು ಮಸಿ ಇದ್ದರೆ ನಿಮ್ಮ ಖರ್ಚು ಒಂದು ಗ್ಯಾಸ್ಕೆಟ್ ಅಥವಾ ಒಂದು ವೆಲ್ಡಿಂಗ್‌ನಲ್ಲಿ ಮುಗಿಯಬಹುದು.

ಮಂಜಾದ ಕಣ್ಣು ಎಂದರೆ ಕೆಟ್ಟ ಸೆನ್ಸರ್, ಇಲ್ಲವೇ ಅದರ ವೈರ್. ಮಳೆಗಾಲದಲ್ಲಿ ಬೆಚ್ಚಗಿನ ಎಂಜಿನ್ ಮೇಲೆ ಬಿಡಾರ ಹೂಡುವ ಇಲಿಗಳಿಗೆ ಸೆನ್ಸರ್ ವೈರ್ ಎಂದರೆ ಅದೇನು ರುಚಿಯೋ. ತುಂಡಾದ ವೈರ್‌ಗೆ ಸಾಮಾನ್ಯವಾಗಿ ಬೇರೆಯೇ ಕೋಡ್ ಬರುತ್ತದೆ, ಅರ್ಧ ಕಡಿದ ವೈರ್ ಮಾತ್ರ ಮೋಸ ಮಾಡುತ್ತದೆ.

ಇನ್ನು ಕಾಪುವಿನವರ ಪ್ರಶ್ನೆಗೆ ಉತ್ತರ. ಹೊಗೆ ತಪಾಸಣೆಯವರು ಸೈಲೆನ್ಸರ್‌ಗೆ ಕೊಳವೆ ತೂರಿಸಿ, ಎಂಜಿನ್ ಐಡ್ಲಿಂಗ್‌ನಲ್ಲಿದ್ದಾಗ ಎರಡು ಅನಿಲಗಳನ್ನು ನೋಡುತ್ತಾರೆ. ಬಿಎಸ್4 (ಭಾರತ್ ಸ್ಟೇಜ್ 4 ಎಂಬ ಹೊಗೆ ನಿಯಮ) ಮತ್ತು ಅದರ ನಂತರದ ಪೆಟ್ರೋಲ್ ಕಾರಿಗೆ ಇಂಗಾಲದ ಮಾನಾಕ್ಸೈಡ್ ಶೇಕಡಾ 0.3, ಹೈಡ್ರೋಕಾರ್ಬನ್ (ಉರಿಯದ ಇಂಧನ) 200 ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲಿನಲ್ಲಿ 200 ಪಾಲು, ಮಿತಿ. ಸಾರಜನಕದ ಆಕ್ಸೈಡುಗಳ ಗೊಡವೆ ಅವರಿಗಿಲ್ಲ. ನಿಂತಲ್ಲೇ ನಿಂತ, ಬಿಸಿಯಾದ ಕಾರಿಗೆ ಇದು ಸುಲಭದ ಪರೀಕ್ಷೆ. ಅರ್ಧ ಹೂಳು ತುಂಬಿದ ಕನ್ವರ್ಟರ್ ಕೂಡ ಪಾಸಾಗುತ್ತದೆ. ಕಾರಿನ ಪರೀಕ್ಷೆ ಹೆದ್ದಾರಿಯ ಓಟದಲ್ಲಿ, ಬೇರೆಯೇ ವಿಷಯದ ಮೇಲೆ ನಡೆಯುತ್ತದೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ, ಇಬ್ಬರಿಗೂ ಕೇಳಿದ ಪ್ರಶ್ನೆ ಬೇರೆ. ಹಾಗಾಗಿ ಸರ್ಟಿಫಿಕೇಟ್ ಕೈಯಲ್ಲಿದೆ ಎಂದು ದೀಪವನ್ನು ಕಡೆಗಣಿಸಬೇಡಿ, ದೀಪ ಉರಿಯಿತೆಂದು ದೊಡ್ಡ ಮೊತ್ತಕ್ಕೆ ತಲೆಯಾಡಿಸಲೂಬೇಡಿ.

[ದೃಶ್ಯ: ಸ್ಟಿಯರಿಂಗ್ ಕೆಳಗಿನ 16 ಪಿನ್‌ಗಳ ಸಾಕೆಟ್. ಬ್ಲೂಟೂತ್ ಸ್ಕ್ಯಾನರ್ ಚುಚ್ಚುತ್ತಿರುವ ಕೈ.]

ನೀವೇ ನೋಡಬೇಕೆಂದರೆ ಆನ್‌ಲೈನ್‌ನಲ್ಲಿ ಸಿಗುವ, ಕಾರಿನ ಕೋಡ್ ಓದುವ ಸಣ್ಣ ಓಬಿಡಿ ಸ್ಕ್ಯಾನರ್ ಮತ್ತು ಮೊಬೈಲ್ ಸಾಕು. ಮೊದಲು ಕೋಡನ್ನು ಅಳಿಸಬೇಡಿ. ದೀಪ ಉರಿದ ಕ್ಷಣದಲ್ಲಿ ವೇಗ ಎಷ್ಟಿತ್ತು, ಎಂಜಿನ್ ಎಷ್ಟು ಬಿಸಿಯಿತ್ತು ಎಂಬ ದಾಖಲೆ ಅದರ ಜೊತೆ ಇರುತ್ತದೆ, ಅಳಿಸಿದರೆ ಅದೂ ಹೋಗುತ್ತದೆ. ಜೊತೆಗೆ ಬೇರೆ ಕೋಡ್ ಇದೆಯೇ ನೋಡಿ. ಪಿ0300, ಪಿ0301 ಇತ್ಯಾದಿ ಕಂಡರೆ ಸಿಲಿಂಡರ್‌ನಲ್ಲಿ ಕಿಡಿ ತಪ್ಪುತ್ತಿದೆ. ಪಿ0171 ಕಂಡರೆ ಮಿಶ್ರಣದಲ್ಲಿ ಪೆಟ್ರೋಲ್ ಸಾಲದು. ಅವನ್ನು ಸರಿಪಡಿಸದೆ ಕನ್ವರ್ಟರ್ ಮುಟ್ಟುವುದು ದಂಡ. ಯಾವುದೂ ಇಲ್ಲದಿದ್ದರೆ ಕಾರನ್ನು ಚೆನ್ನಾಗಿ ಓಡಿಸಿ ಬಿಸಿ ಮಾಡಿ, ಬಯಲಿನಲ್ಲಿ ನಿಲ್ಲಿಸಿ, ಎಂಜಿನನ್ನು ನಿಮಿಷಕ್ಕೆ 2500 ಸುತ್ತಿನಲ್ಲಿ ಹಿಡಿದು ಎರಡೂ ಸೆನ್ಸರ್‌ಗಳ ಗೆರೆ ನೋಡಿ. ಕೆಲವು ಕಾರುಗಳ ಮುಂದಿನ ಸೆನ್ಸರ್ ಬೇರೆ ಜಾತಿಯದು, ಅದು ಕುಣಿಯುವುದಿಲ್ಲ. ಅಂಥವುಗಳಲ್ಲಿ ಹಿಂದಿನದನ್ನು ಮಾತ್ರ ನೋಡಿದರೆ ಸಾಕು.

ಹಿಂದಿನ ಗೆರೆ ಕುಣಿಯುತ್ತಿದೆ, ಸೋರಿಕೆ ಇಲ್ಲ, ವೈರ್ ಸರಿಯಿದೆ ಎಂದಾದರೆ ಕನ್ವರ್ಟರ್ ನಿಜವಾಗಿಯೂ ಸೋತಿದೆ. ಆಗಲೂ ಅದನ್ನು ಸೋಲಿಸಿದವರು ಯಾರು ಎಂದು ಕೇಳಲೇಬೇಕು, ಏಕೆಂದರೆ ಕನ್ವರ್ಟರ್ ತಾನಾಗಿ ಸಾಯುವುದು ಅಪರೂಪ. ಎಂಜಿನ್ ಆಯಿಲ್ ಕುಡಿಯುತ್ತಿದ್ದರೆ ಅದರಲ್ಲಿರುವ ರಂಜಕ ಕನ್ವರ್ಟರ್‌ನ ಲೋಹದ ಮೇಲೆ ಪದರ ಕಟ್ಟುತ್ತದೆ. ಹೆಡ್ ಗ್ಯಾಸ್ಕೆಟ್ ಸೋರಿ ಕೂಲೆಂಟ್ ಒಳಹೊಕ್ಕರೂ ಹಾಳು. ಎಲ್ಲಕ್ಕಿಂತ ಕ್ರೂರವಾದದ್ದು ಕಿಡಿ ತಪ್ಪುವುದು. ಉರಿಯದ ಪೆಟ್ರೋಲ್ ನೇರವಾಗಿ ಕನ್ವರ್ಟರ್‌ಗೆ ಹೋಗಿ ಅಲ್ಲಿ ಉರಿಯುತ್ತದೆ, ಬಿಸಿ ಸಾವಿರ ಡಿಗ್ರಿ ದಾಟಬಹುದು, ಸೆರಾಮಿಕ್ ಕರಗಿ ದಾರಿಯೇ ಮುಚ್ಚಬಹುದು. ಆದ್ದರಿಂದ ಎಂಜಿನ್ ದೀಪ ಸುಮ್ಮನೆ ಉರಿಯದೆ ಮಿನುಗತೊಡಗಿದರೆ ಕಾಲು ಸಡಿಲಿಸಿ, ಸುರಕ್ಷಿತ ಜಾಗ ನೋಡಿ ನಿಲ್ಲಿಸಿ. ಒಂದು ಸ್ಪಾರ್ಕ್ ಪ್ಲಗ್ ಉಳಿಸಲು ಹೋಗಿ ಕನ್ವರ್ಟರ್ ಕಳೆದುಕೊಳ್ಳುವುದು ಹೀಗೆಯೇ.

ಬಿಸಿಯ ಮಾತು ಬಂತಲ್ಲ. ಕಂಬಳಕ್ಕೆ ಹೋಗಿ ಒಣ ಹುಲ್ಲಿನ ಗದ್ದೆಯಲ್ಲಿ ಕಾರು ನಿಲ್ಲಿಸುವವರೇ, ಆ ಡಬ್ಬ ನಿಮ್ಮ ಕೆಳಗಿನ ಹುಲ್ಲಿಗೆ ಬೆಂಕಿ ಹಚ್ಚುವಷ್ಟು ಕಾದಿರುತ್ತದೆ. ಮಂಗಳೂರಿನ ಕೊಟ್ಟಾರ ಚೌಕಿಯಲ್ಲಿ ನಿಂತ ನೀರಿಗೆ ಕಾದ ಕಾರು ನುಗ್ಗಿಸುವವರೇ, ತಳದಲ್ಲಿರುವ ಕನ್ವರ್ಟರ್ ಒಮ್ಮೆಲೇ ತಣಿದರೆ ಒಳಗಿನ ಸೆರಾಮಿಕ್ ಸೀಳಬಹುದು. ಆಮೇಲೆ ಕಾರಿನ ಕೆಳಗೆ ಗಲಗಲ ಸದ್ದು ಬಂದರೆ ಅದು ಒಳಗಿನ ಚೂರುಗಳದ್ದು.

[ದೃಶ್ಯ: ಕ್ಯಾಮೆರಾ ಹಿಂದಿನಿಂದ ಗಡಿಯಾರ ತೋರಿಸುವ ಕೈ.]

ಮದಕದಲ್ಲಿ ಈಜುತ್ತಾ ಹೊತ್ತು ಹೋಯಿತು, ಉಳಿದ ಪ್ರಶ್ನೆಗಳಿಗೆ ಒಟ್ಟಿಗೆ ಉತ್ತರ. ಟ್ಯಾಂಕಿಗೆ ಸುರಿಯುವ ಕನ್ವರ್ಟರ್ ಕ್ಲೀನರ್ ಬಾಟಲಿ? ಮಸಿ ಇದ್ದರೆ ಸ್ವಲ್ಪ ಕರಗೀತು, ಸತ್ತ ಲೋಹ ಬದುಕುವುದಿಲ್ಲ. ಶೇಕಡಾ 20 ಎಥನಾಲ್ ಬೆರೆತ ಇ20 ಪೆಟ್ರೋಲಿನಿಂದ ದೀಪ ಉರಿಯುತ್ತದೆಯೇ? ಎಥನಾಲ್‌ನಲ್ಲಿ ತನ್ನದೇ ಆಮ್ಲಜನಕ ಇರುವುದರಿಂದ ಕಂಪ್ಯೂಟರ್ ಹೆಚ್ಚು ಇಂಧನ ಬಿಡಬೇಕಾಗುತ್ತದೆ. ಹಳೆಯ ಕಾರಿನಲ್ಲಿ ಮೊದಲೇ ಗಾಳಿ ಸೋರಿಕೆ ಇದ್ದರೆ ಪಿ0171 ಬರಬಹುದು. ಅದು ಕನ್ವರ್ಟರ್‌ನ ತಪ್ಪಲ್ಲ. ಹಿಂದಿನ ಸೆನ್ಸರ್‌ಗೆ ಸ್ಪೇಸರ್, ಅಂದರೆ ಅದನ್ನು ಹೊಗೆಯ ದಾರಿಯಿಂದ ದೂರ ಸರಿಸುವ ತುಂಡು ಹಾಕಿ ದೀಪ ಆರಿಸುವುದು? ಕನ್ವರ್ಟರ್ ತೆಗೆದು ಖಾಲಿ ಪೈಪ್ ಹಾಕುವುದು? ದೀಪಕ್ಕೆ ಬಟ್ಟೆ ಮುಚ್ಚಿದರೆ ಇನ್ನೂ ಅಗ್ಗವಾಗುತ್ತದೆ! ತಮಾಷೆ ಬಿಡಿ, ತಯಾರಕರು ಕೊಟ್ಟ ರಚನೆಯನ್ನು ಬದಲಿಸುವುದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡ ಬರುತ್ತದೆ, ನಿಮ್ಮ ಹಿಂದೆ ಬರುವ ಸ್ಕೂಟರ್‌ನವರ ಮೂಗೂ ಅಡ್ಡ ಬರುತ್ತದೆ.

ರಿಪೇರಿಯಾದ ಮೇಲೆ ಕೋಡ್ ಅಳಿಸಿ, ಮರುದಿನವೇ ‘ಸರಿಹೋಯಿತು’ ಎನ್ನಬೇಡಿ. ಕಾರು ಮತ್ತೆ ಪರೀಕ್ಷೆ ನಡೆಸಲು ಬಿಸಿಯಾದ ಎಂಜಿನ್, ಒಂದೇ ವೇಗದ ಓಟ ಬೇಕು. ಹಂಪನಕಟ್ಟೆಯ ಸಿಗ್ನಲ್‌ಗಳ ನಡುವೆ ಅದು ನಡೆಯುವುದು ಕಷ್ಟ. ಉಡುಪಿಯಿಂದ ಕುಂದಾಪುರದ ಕಡೆಗೆ ಹೆದ್ದಾರಿ 66ರಲ್ಲಿ ಒಮ್ಮೆ ಹೋಗಿ ಬನ್ನಿ, ಸ್ಕ್ಯಾನರ್‌ನಲ್ಲಿ ‘ಕ್ಯಾಟಲಿಸ್ಟ್ ಮಾನಿಟರ್’ ಮುಗಿದಿದೆ ಎಂದು ಬಂದ ಮೇಲೆಯೇ ನಂಬಿ.

ಕೊನೆಗೂ ಹೊಸ ಕನ್ವರ್ಟರ್ ಹಾಕಿಸುವುದೇ ಆದರೆ ಮೊದಲು ವಾರಂಟಿ ಪುಸ್ತಕ ತೆರೆದು ನೋಡಿ. ಆಮೇಲೆ ಹಳೆಯದು ಎಲ್ಲಿ ಎಂದು ಕೇಳಿ. 2021ರ ಮಾರ್ಚ್‌ನಲ್ಲಿ ರೋಡಿಯಂ ಬೆಲೆ ಚಿನ್ನದ ಹತ್ತು ಪಟ್ಟನ್ನೂ ಮೀರಿತ್ತು. ಈಗ ಅಷ್ಟಿಲ್ಲ, ಆದರೂ ಆ ತುಕ್ಕು ಹಿಡಿದ ಡಬ್ಬ ಗುಜರಿ ಕಬ್ಬಿಣದ ತೂಕಕ್ಕೆ ಹೋಗುವ ವಸ್ತುವಲ್ಲ. ಬಿಲ್ಲಿನಲ್ಲಿ ಅದರ ಬೆಲೆ ಕಳೆದಿದ್ದರೆ ಸರಿ. ಇಲ್ಲವಾದರೆ ಗೋಣಿಯಲ್ಲಿ ಸುತ್ತಿ ಡಿಕ್ಕಿಗೆ ಹಾಕಿಸಿಕೊಂಡೇ ಹೊರಡಿ.

ಡೀಸೆಲ್ ಕಾರಿನವರು ಬೇಸರಿಸಬೇಡಿ. ನಿಮ್ಮದು ಡಿಪಿಎಫ್ ಎಂಬ ಮಸಿ ಹಿಡಿಯುವ ಫಿಲ್ಟರ್, ಅದರ ರಗಳೆ ಬೇರೆ, ಅದಕ್ಕೆ ಬೇರೆ ವಿಡಿಯೋ.