ರವಿವರ್ಮನ ವೆಬ್‌ಸೈಟ್ ಕಟ್ಟುತ್ತಾ: ದಮಯಂತಿಯ ಸೀರೆ ಯಾವ ಬಣ್ಣ?

ಚಿತ್ರಕಾರ ರಾಜಾ ರವಿವರ್ಮನ ಬಗ್ಗೆ ಮಕ್ಕಳು ಅಪ್ಪ-ಅಮ್ಮನ ಜೊತೆ ಕೂತು ನೋಡೋಕೆ ನಾನು ಕಟ್ತಿರೋ ವೆಬ್‌ಸೈಟ್ ಇದು. ಮೆನು ಜೋಡಿಸೋದು ಸ್ಕ್ರೀನ್ ಮೇಲೆ ಕಾಣ್ತಾ ಇದೆ, ಅದು ಬಿಡಿ.

ನನ್ನ ತಲೆ ತಿಂತಿರೋದು ಬಣ್ಣ. ಎಡಗಡೆ ಹಂಸದ ಜೊತೆ ದಮಯಂತಿ ನಿಂತಿರೋ ಅವನ ಚಿತ್ರ ‘ಹಂಸ-ದಮಯಂತಿ’, ಬಲಗಡೆನೂ ಅದೇ ಹಂಸ-ದಮಯಂತಿ. ಒಂದು ಸೀರೆ ಕಡುಗೆಂಪು, ಇನ್ನೊಂದು ಮಾಸಿದ ಕಿತ್ತಳೆ! ಒಂದು ತೈಲಚಿತ್ರದ ಫೋಟೋ, ಇನ್ನೊಂದು ಅಚ್ಚಿನ ಪ್ರತಿಯ ಸ್ಕ್ಯಾನ್. ಎರಡನ್ನೂ ‘ರವಿವರ್ಮನ ಪೇಂಟಿಂಗ್’ ಅಂತಾನೇ ಹಂಚ್ತಾರೆ. ಸಿಟ್ಟು ಬರುತ್ತೆ ನಂಗೆ. ಮಗು ಯಾವುದನ್ನ ನಂಬಬೇಕು?

1894ರಲ್ಲಿ ಮುಂಬೈನಲ್ಲಿ ರವಿವರ್ಮ ಕಲ್ಲಚ್ಚಿನ ಪ್ರೆಸ್ ಶುರು ಮಾಡಿದ. ಕಲ್ಲಚ್ಚು ಅಂದ್ರೆ ಕಲ್ಲಿನ ಮೇಲೆ ಚಿತ್ರ ಇಳಿಸಿ ಹಾಳೆಗೆ ಒತ್ತೋದು. ಒಂದೊಂದು ಬಣ್ಣಕ್ಕೂ ಬೇರೆ ಕಲ್ಲು. ಅದೇ ಹಾಳೆ ಪ್ರತಿ ಕಲ್ಲಿಗೂ ಒತ್ತಿಸ್ಕೊಂಡು ಬರಬೇಕು, ಕೂದಲೆಳೆಯಷ್ಟು ಸರಿದರೂ ತುಟಿಯ ಕೆಂಪು ಕೆನ್ನೆಗೆ ಬೀಳುತ್ತೆ. ಚಿತ್ರಾನ ಕಲ್ಲಿಗೆ ಇಳಿಸ್ತಿದ್ದವರು ಪ್ರೆಸ್ಸಿನ ಕುಶಲಕರ್ಮಿಗಳು. ಅವರ ಕೈಚಳಕಾನೂ ಮಕ್ಕಳಿಗೆ ಕಾಣಬೇಕು.

ಅಚ್ಚು ಕೀಳು ಅಂತಲ್ಲ. ದೇವಸ್ಥಾನದೊಳಗೆ ಬಿಡದೇ ಇದ್ದವರ ಮನೆಗೂ ಲಕ್ಷ್ಮಿ, ಸರಸ್ವತಿ ಬಂದಿದ್ದು ಇಂಥ ಹಾಳೆಗಳಲ್ಲೇ. ನನ್ನ ಪ್ರಕಾರ ಅವನ ದೊಡ್ಡ ಕೆಲಸ ಅಚ್ಚೇ, ತೈಲಚಿತ್ರ ಆಮೇಲೆ. ಇಲ್ಲ, ತಡೀರಿ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಅವನ ಮೂಲ ಚಿತ್ರಗಳ ಮುಂದೆ ನಿಂತಾಗ ಹಾಗನ್ನೋಕೆ ಬಾಯಿ ಬರಲ್ಲ. ಆ ಜರಿಯ ಹೊಳಪು ಕಲ್ಲಿಗೆ ದಕ್ಕಿಲ್ಲ.

ಅದಕ್ಕೇ ಎರಡನ್ನೂ ಬೇರೆ ಬೇರೆ ಇಡ್ತೀನಿ. ಒಂದಕ್ಕೆ ‘ತೈಲಚಿತ್ರ’, ಇನ್ನೊಂದಕ್ಕೆ ‘ಕಲ್ಲಚ್ಚು’ ಅಂತ ದಪ್ಪಕ್ಷರದಲ್ಲಿ. ಅಚ್ಚಿನ ಪುಟದಲ್ಲಿ ಬೆರಳು ಎಳೆದರೆ ಮೊದಲು ಹಳದಿ, ಆಮೇಲೆ ಕೆಂಪು, ಹೀಗೆ ಬಣ್ಣ ಒಂದರ ಮೇಲೊಂದು ಕೂರುತ್ತೆ. ಕ್ವಿಜ್ ಬೇಡ ಅಂದಿದ್ದೆ, ಈಗ ಒಂದು ಬೇಕು ಅನ್ನಿಸ್ತಿದೆ: ಅವನ ಇನ್ನೊಂದು ಚಿತ್ರದಲ್ಲಿ ಮುಳ್ಳು ತೆಗೆಯೋ ನೆಪದಲ್ಲಿ ಶಕುಂತಲೆ ತಿರುಗಿ ಹುಡುಕ್ತಿರೋದು ಯಾರನ್ನ? ಉತ್ತರ ಅಜ್ಜಿನ ಕೇಳಲಿ, ಮನೆಯಲ್ಲಿ ಕಥೆ ಶುರುವಾಗುತ್ತೆ.

ಲಾಗಿನ್ ಖಂಡಿತ ಇಲ್ಲ. 18 ವರ್ಷದೊಳಗಿನವರ ಮಾಹಿತಿ ಬಳಸೋಕೆ ಹೆತ್ತವರ ಒಪ್ಪಿಗೆ ಬೇಕು ಅನ್ನುತ್ತೆ 2023ರ ಡೇಟಾ ಕಾಯ್ದೆ. ಚಿತ್ರ ನೋಡೋಕೆ ಬಂದ ಮಗುವಿನ ಹೆಸರು, ಫೋನ್ ನಂಬರ್ ನಂಗ್ಯಾಕೆ? ಜಾಹೀರಾತೂ ಇಲ್ಲ, ತಾನಾಗೇ ಶುರುವಾಗೋ ಸಂಗೀತಾನೂ ಇಲ್ಲ. ಸಂಗೀತ ಅಂದಾಗ ನೆನಪಾಯ್ತು, ರವಿವರ್ಮ ವೀಣೆ ಹಿಡಿದ ಹೆಂಗಸರನ್ನ ಎಷ್ಟು ಚೆನ್ನಾಗಿ... ಅರೆ, ಅಪ್‌ಲೋಡ್ ಆಗೋಯ್ತು. ಬನ್ನಿ, ಮೊಬೈಲಲ್ಲಿ ತೆಗೆದು ಕೆಂಪು ಕೆಂಪಾಗೇ ಇದೆಯಾ ನೋಡೋಣ.