ಬ್ರೇಕಿಗೆ ಮೊದಲು ಒಂದು ಮಾತು

ಕೇಳುಗರೆಲ್ಲರಿಗೂ ನಮಸ್ಕಾರ.

ಕಾರಿನಲ್ಲಿ ಅಮ್ಮ ನನ್ನ ಪಕ್ಕ ಕೂತಿರುತ್ತಾರೆ. ಮಂಗಳೂರಿನ ಕೂಳೂರು ಹತ್ತಿರ ಮುಂದಿನ ಎಕ್ಸ್‌ಪ್ರೆಸ್ ಬಸ್ಸು ತಟ್ಟನೆ ನಿಂತರೆ, ಅವರ ಕಾಲು ಇಲ್ಲದ ಬ್ರೇಕನ್ನು ಒತ್ತುತ್ತದೆ. ನಾನು ಗಕ್ಕನೆ ನಿಲ್ಲಿಸಿದರೆ, "ಹಂಪ್ ಉಂಟು ಅಂತ ಮೊದಲೇ ಹೇಳ್ಲಿಕ್ಕೆ ಆಗುದಿಲ್ವಾ?" ಎನ್ನುತ್ತಾರೆ. ನಿಮ್ಮ ಮನೆಯಲ್ಲೂ ಹೀಗೇ ಅಲ್ವಾ?

ಚಾಲಕನೇ ಇಲ್ಲದ ಕಾರಿನಲ್ಲಿ ಆ ಕಾಲು ಏನು ಮಾಡೀತು? ಇದನ್ನು ತಿಳಿಯಲು ಸಂಶೋಧಕರು ಸಿಮ್ಯುಲೇಟರ್ ಬಳಸುತ್ತಾರೆ. ಸೀಟು, ಸ್ಟಿಯರಿಂಗ್, ಎದುರಿನ ಪರದೆಯ ಮೇಲೆ ಓಡುವ ರಸ್ತೆ. ಎದೆಬಡಿತ, ಅಂಗೈ ಬೆವರು, ಕಣ್ಣು ಹೊರಳುವ ದಿಕ್ಕು ಎಲ್ಲ ಅಳೆಯಬಹುದು. ಪೆಟ್ಟಾಗುವ ಭಯವಿಲ್ಲ. ಆದರೆ ಅದು ಕೂತವರಿಗೂ ಗೊತ್ತಿರುತ್ತದೆ. ಹಾಗಾಗಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ನಿಜವಾದ ಕಾರಿನಲ್ಲೇ ಚಾಲಕನಿಗೆ ಮರೆ ಕಟ್ಟಿ, ಪಕ್ಕದಲ್ಲಿ ಜನರನ್ನು ಕೂರಿಸಿಯೂ ನೋಡಿದರು.

ಅಲ್ಲಿಯದೇ ಒಂದು ಸಿಮ್ಯುಲೇಟರ್ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಓಡಿಸುವುದು ಜನರೇ, ಆದರೆ ಕಾರು ಕೆಲವೊಮ್ಮೆ ತಾನೇ ಬ್ರೇಕ್ ಹಾಕುತ್ತದೆ. ಅದಕ್ಕೆ ಮೊದಲು ಮಾತಾಡುತ್ತದೆ. ಕೆಲವರಿಗೆ "ಕಾರು ಬ್ರೇಕ್ ಹಾಕುತ್ತಿದೆ" ಎಂದಷ್ಟೇ ಹೇಳಿತು. ಕೆಲವರಿಗೆ "ಮುಂದೆ ಅಡ್ಡಿ ಇದೆ" ಎಂದಿತು. ಜನರಿಗೆ ಹಿಡಿಸಿದ್ದು ಎರಡನೆಯದು, ಕಾರಣ ಹೇಳಿದ್ದು. ಎರಡನ್ನೂ ಒಟ್ಟಿಗೆ ಹೇಳಿದಾಗ ಚಾಲನೆ ಹೆಚ್ಚು ಸುರಕ್ಷಿತವಾಗಿತ್ತು, ಆದರೆ ಕೇಳುವವರಿಗೆ ಕಿರಿಕಿರಿಯಾಯಿತು. ಅಮ್ಮ ಇಷ್ಟು ವರ್ಷ ಕೇಳುತ್ತಿದ್ದದ್ದೂ ಕಾರಣವನ್ನೇ ಎಂದು ಇದನ್ನು ಓದಿದಾಗ ನನಗೆ ಹೊಳೆಯಿತು.

ರಸ್ತೆಯಲ್ಲಿ ನಡೆಯುವವರಿಗೂ ಸೂಚನೆ ಬೇಕು. 2017ರಲ್ಲಿ ಫೋರ್ಡ್ ಕಾರು ಕಂಪನಿ ಮತ್ತು ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯದವರು, ಒಳಗೆ ಯಾರೂ ಇಲ್ಲವೆಂದು ಕಾಣಲಿ ಅಂತ, ಚಾಲಕನಿಗೆ ಸೀಟಿನ ಹಾಗೆ ಕಾಣುವ ಉಡುಗೆ ತೊಡಿಸಿ ವ್ಯಾನು ಓಡಿಸಿದರು. ಗಾಜಿನ ಮೇಲಿನ ಬಿಳಿ ದೀಪ ಅತ್ತಿತ್ತ ಸರಿದರೆ ದಾರಿ ಬಿಡುತ್ತಿದೆ ಎಂದರ್ಥ. ಬೇಗ ಬೇಗ ಮಿನುಗಿದರೆ ಹೊರಡುತ್ತಿದೆ. ನಮ್ಮ ನಂತೂರು ಸರ್ಕಲ್ಲಿನಲ್ಲಿ ನಾವು ರಸ್ತೆ ದಾಟುವುದು ಲಾರಿ ಚಾಲಕನ ಕಣ್ಣು ನೋಡಿ, ಕೈ ತುಸು ಎತ್ತಿ. ಬಸ್ಸಿನಲ್ಲಿ ಕಂಡಕ್ಟರ್ "ರೈಟ್, ಪೋಯಿ" ಅಂದಾಗಲೇ ಕಂಬಿ ಹಿಡಿಯುತ್ತೇವೆ. ಆ ಕಣ್ಣಿನ, ಆ ಕೂಗಿನ ಕೆಲಸವನ್ನು ಇಲ್ಲಿ ದೀಪವೊಂದೇ ಮಾಡೀತು ಎಂದು ನನಗೆ ಅನ್ನಿಸುವುದಿಲ್ಲ.

ನಮ್ಮೂರಿನಲ್ಲೂ ಇಂಥ ಅಧ್ಯಯನ ನಡೆಯಬೇಕೆಂದು ನನಗೆ ತುಂಬಾ ಆಸೆ. ಪರದೆಯ ಮೇಲೆ ಆಷಾಢದ ಮಳೆ ಸುರಿಯುವ ಹೆದ್ದಾರಿ 66 ಇರಲಿ. ಕಾರು ಓಡಿಸಲು ಬಾರದ, ವಯಸ್ಸಾದ ಹೆಂಗಸರನ್ನೂ ಕೂರಿಸಲಿ. "ಮುಂದೆ ಹಂಪ್ ಉಂಟು" ಎಂದು ಕನ್ನಡದಲ್ಲೂ ತುಳುವಿನಲ್ಲೂ ಹೇಳಿಸಿ, ಅವರ ಕಾಲು ಎಲ್ಲಿದೆ ಎಂದು ನೋಡಲಿ. ನನ್ನ ಅಮ್ಮ ಮೊದಲ ದಿನವೇ ಬರುತ್ತಾರಂತೆ.

ನಮಸ್ಕಾರ.