ಬಿಸಿ ರೇಡಿಯೇಟರಿನ ಮುಚ್ಚಳ ಮುಟ್ಟಬೇಡಿ

ಕೇಳುಗರಿಗೆಲ್ಲ ನಮಸ್ಕಾರ.

ಮಕ್ಕಳ ಪರೀಕ್ಷೆ ಮುಗಿದಿದೆ. ಧರ್ಮಸ್ಥಳ, ಸುಬ್ರಹ್ಮಣ್ಯ, ಮಂಗಳೂರಿನ ಕಡಲು ಅಂತ ಮನೆಮಂದಿಯನ್ನೆಲ್ಲ ಕಾರಿನಲ್ಲಿ ಕೂರಿಸಿಕೊಂಡು ಹೊರಡುವ ಕಾಲ ಇದು. ಹೋಗುವಾಗ ಘಾಟಿ ಇಳಿಯುತ್ತೀರಿ, ಏನೂ ಆಗುವುದಿಲ್ಲ. ತೊಂದರೆ ಶುರುವಾಗುವುದು ವಾಪಸ್ ಹತ್ತುವಾಗ. ಏಪ್ರಿಲ್ ಬಿಸಿಲು, ಐದು ಜನ, ಡಿಕ್ಕಿ ತುಂಬ ಸಾಮಾನು, ಎಸಿ ಬೇರೆ. ಮುಂದೆ ಒಂದು ಲೋಡ್ ಲಾರಿ ಆಮೆಯ ಹಾಗೆ ಹೋಗುತ್ತಿರುತ್ತದೆ. ನೀವು ಅದರ ಹಿಂದೆ ಒಂದನೇ ಗೇರು, ಎರಡನೇ ಗೇರಿನಲ್ಲಿ ತೆವಳುತ್ತೀರಿ. ಗಾಡಿಗೆ ಗಾಳಿ ಸಿಗುವುದಿಲ್ಲ, ಎಂಜಿನ್ ಕಾಯುತ್ತದೆ.

ನಾನು ಹಾಸನದಲ್ಲಿ ಗ್ಯಾರೇಜ್ ಇಟ್ಟು ಇಪ್ಪತ್ತೈದು ವರ್ಷದ ಮೇಲಾಯಿತು. ಶಿರಾಡಿ ಘಾಟಿಯಲ್ಲಿ ನಿಂತ ಗಾಡಿಗಳು ಎಷ್ಟು ಬಂದಿವೆಯೋ ಲೆಕ್ಕ ಇಟ್ಟಿಲ್ಲ. ಇವತ್ತು ಎರಡು ವಿಷಯ ಹೇಳಬೇಕು. ಒಂದು, ಎಂಜಿನ್ ಬಿಸಿಯಾದರೆ ಏನು ಮಾಡಬೇಕು. ಇನ್ನೊಂದು, ಟೈರ್ ಪಂಕ್ಚರ್ ಆದರೆ ಏನು ಮಾಡಬೇಕು. ಆದರೆ ಎಲ್ಲಕ್ಕಿಂತ ಮೊದಲು ಒಂದು ಮಾತು. ಬೇರೆ ಯಾವುದೂ ನೆನಪಿರದಿದ್ದರೂ ಪರವಾಗಿಲ್ಲ, ಇದು ನೆನಪಿರಲಿ. ಬಿಸಿ ರೇಡಿಯೇಟರಿನ ಮುಚ್ಚಳ ಮುಟ್ಟಬೇಡಿ.

ಯಾಕೆ ಅಂತ ಅಡುಗೆಮನೆಯಲ್ಲಿರುವವರಿಗೆ ನಾನು ಹೇಳಬೇಕಾಗಿಲ್ಲ. ಕುಕ್ಕರ್ ಮೂರು ಸಲ ಕೂಗಿದೆ, ಒಲೆ ಆರಿಸಿದ್ದೀರಿ. ಆ ಕ್ಷಣಕ್ಕೇ ಮುಚ್ಚಳ ತೆಗೆಯುತ್ತೀರಾ? ಇಲ್ಲ. ಪ್ರೆಷರ್ ಇಳಿಯಲಿ ಅಂತ ಕಾಯುತ್ತೀರಿ. ಮನೆಯ ಸಣ್ಣ ಮಗುವಿಗೂ ಇದು ಗೊತ್ತು. ಅದೇ ಮನೆಯ ಯಜಮಾನರು ರಸ್ತೆಯಲ್ಲಿ ಬಾನೆಟ್ ಎತ್ತಿದ ತಕ್ಷಣ ಕೈ ಹಾಕುವುದು ಎಲ್ಲಿಗೆ? ನೇರ ಆ ಮುಚ್ಚಳಕ್ಕೆ.

ರೇಡಿಯೇಟರ್ ಕೂಡ ಕುಕ್ಕರೇ. ಎಂಜಿನ್ನಿನ ಬಿಸಿಯನ್ನು ಹೊತ್ತು ತರಲು ಅದರೊಳಗೆ ಕೂಲೆಂಟ್, ಅಂದರೆ ಎಂಜಿನ್ ತಂಪು ಮಾಡುವ ದ್ರವ ಬೆರೆಸಿದ ನೀರು, ಸುತ್ತುತ್ತಿರುತ್ತದೆ. ವಾಟರ್ ಪಂಪ್ ಅದನ್ನು ತಳ್ಳುತ್ತದೆ, ರೇಡಿಯೇಟರಿನಲ್ಲಿ ಗಾಳಿಗೆ ಅದು ಆರುತ್ತದೆ, ಮತ್ತೆ ಎಂಜಿನ್ನಿಗೆ ಹೋಗುತ್ತದೆ. ತೆರೆದ ಪಾತ್ರೆಯಲ್ಲಿ ನೀರು 100 ಡಿಗ್ರಿಗೆ ಕುದಿಯುತ್ತದೆ. ಆದರೆ ಈ ಮುಚ್ಚಳದಲ್ಲಿ ಒಂದು ಸ್ಪ್ರಿಂಗ್ ಇದೆ, ಅದು ಒತ್ತಡವನ್ನು ಹಿಡಿದಿಡುತ್ತದೆ. ಹಾಗಾಗಿ ಒಳಗಿನ ನೀರು 110 ಡಿಗ್ರಿ ದಾಟಿದರೂ ಕುದಿಯದೆ ಸುಮ್ನೆ ಕೂತಿರುತ್ತದೆ. ಮುಚ್ಚಳ ತೆಗೆದಿರೋ, ಆ ಒತ್ತಡ ಒಂದೇ ಸಲಕ್ಕೆ ಹೋಯಿತು. ತಣ್ಣಗಿರುವ ಹಾಗೆ ಕಂಡ ನೀರು ಕಣ್ಣು ಮುಚ್ಚಿ ತೆಗೆಯುವುದರೊಳಗೆ ಕುದ್ದು ಹಬೆಯಾಗುತ್ತದೆ. ಒಂದು ಲೀಟರ್ ನೀರು ಪೂರ್ತಿ ಹಬೆಯಾದರೆ ಅದಕ್ಕೆ 1,600 ಲೀಟರಿನಷ್ಟು ಜಾಗ ಬೇಕು. ಹೊರಗೆ ಬರಲು ಇರುವುದು ಒಂದೇ ದಾರಿ. ಆ ದಾರಿಯ ಮೇಲೆ ನಿಮ್ಮ ಮುಖ ಬಗ್ಗಿರುತ್ತದೆ.

ನನ್ನ ಬಲಗೈಯಲ್ಲಿ ಮಣಿಕಟ್ಟಿನಿಂದ ಮೊಣಕೈವರೆಗೆ ಒಂದು ಕಲೆ ಇದೆ. ಅದರ ಕಥೆ ಹೇಳುತ್ತೇನೆ.

1994ನೇ ಇಸವಿ, ಏಪ್ರಿಲ್ ತಿಂಗಳು. ನನಗೆ ಹತ್ತೊಂಬತ್ತು ವರ್ಷ. ಸಕಲೇಶಪುರದಲ್ಲಿ ಒಬ್ಬ ಮೇಸ್ತ್ರಿ ಹತ್ತಿರ ಕೆಲಸ ಕಲಿಯುತ್ತಿದ್ದೆ. ಆಗ ಮೊಬೈಲ್ ಎಲ್ಲಿತ್ತು? ಘಾಟಿ ಹತ್ತಿ ಬಂದ ಲಾರಿಯವರೇ ಸುದ್ದಿ ತರಬೇಕು. ಒಂದು ಮಧ್ಯಾಹ್ನ ಲಾರಿ ಡ್ರೈವರ್ ಒಬ್ಬರು ಗ್ಯಾರೇಜ್ ಮುಂದೆ ನಿಲ್ಲಿಸಿ, "ಮಾರನಹಳ್ಳಿ ಹತ್ತಿರ ಒಂದು ಅಂಬಾಸಿಡರ್ ಹೊಗೆ ಬಿಡ್ತಾ ನಿಂತಿದೆ, ಹೆಂಗಸರು ಮಕ್ಕಳು ಇದ್ದಾರೆ" ಅಂದರು. ಮೇಸ್ತ್ರಿ ಸ್ಕೂಟರ್ ತೆಗೆದರು. ಹಿಂದೆ ನಾನು, ನನ್ನ ಕೈಯಲ್ಲಿ ಟೂಲ್ಸ್ ಚೀಲ, ಒಂದು ಖಾಲಿ ಕ್ಯಾನು.

ಹೋಗಿ ನೋಡಿದರೆ ಸುಬ್ರಹ್ಮಣ್ಯದಿಂದ ಬರುತ್ತಿದ್ದ ಒಂದು ಕುಟುಂಬ. ಅಜ್ಜಿ, ತಾತ, ಗಂಡ ಹೆಂಡತಿ, ಇಬ್ಬರು ಮಕ್ಕಳು. ಬಾನೆಟ್ ಎತ್ತಿಟ್ಟಿದ್ದರು. ಹಬೆ ಆಗಲೇ ನಿಂತಿತ್ತು. ಮೇಸ್ತ್ರಿ ಒಂದು ಸಲ ಬಗ್ಗಿ ನೋಡಿದರು, ಮುಟ್ಟಲಿಲ್ಲ. "ನಾನು ಹೊಳೆಯಿಂದ ನೀರು ತರ್ತೀನಿ. ಬರೋವರೆಗೂ ಏನೂ ಮುಟ್ಟಬೇಡ" ಅಂತ ನನಗೆ ಹೇಳಿ ಕ್ಯಾನು ಹಿಡಿದು ಕೆಳಗಿಳಿದರು.

ಆ ಯಜಮಾನರಿಗೆ ಅವಸರ. ಕತ್ತಲಾಗುವುದರೊಳಗೆ ಹಾಸನ ಸೇರಬೇಕು. "ಇಪ್ಪತ್ತು ನಿಮಿಷದಿಂದ ನಿಂತಿದ್ದೀವಿ ಕಣಪ್ಪಾ, ಹಬೆ ಇಲ್ಲ, ತಣ್ಣಗಾಗಿದೆ, ತೆಗಿ" ಅಂದರು. ಒಂದು ಸಲ ಅಲ್ಲ, ನಾಲ್ಕು ಸಲ. ನನಗೂ ಕೆಲಸ ಗೊತ್ತು ಅಂತ ತೋರಿಸುವ ವಯಸ್ಸು. ಟವೆಲ್ ಮಡಚಿ ಮುಚ್ಚಳದ ಮೇಲಿಟ್ಟು ತಿರುಗಿಸಿದೆ. ಮೊದಲು ಸುಯ್ ಅಂತ ಸದ್ದು. ಅಲ್ಲಿಗಾದರೂ ಕೈ ಬಿಡಬೇಕಿತ್ತು. ಬಿಡಲಿಲ್ಲ. ಇನ್ನರ್ಧ ಸುತ್ತು ತಿರುಗಿಸಿದೆ.

ಆಮೇಲಿನದು ನನಗೆ ತುಂಡು ತುಂಡಾಗಿ ನೆನಪಿದೆ. ಢಬ್ ಅಂತ ಸದ್ದು. ಟವೆಲ್ ಎಲ್ಲಿ ಹೋಯಿತೋ ಗೊತ್ತಿಲ್ಲ. ಕಂದು ಬಣ್ಣದ ಕುದಿನೀರು ಆಳೆತ್ತರ ಹಾರಿತು. ನಾನು ಮುಖ ತಿರುಗಿಸಿದ್ದೆ, ಅದು ಅದೃಷ್ಟ. ಕೈ ಸಿಕ್ಕಿಕೊಂಡಿತು. ನನ್ನ ಪಕ್ಕದಲ್ಲೇ, ಎರಡು ಹೆಜ್ಜೆ ದೂರದಲ್ಲಿ, ಐದು ವರ್ಷದ ಹುಡುಗಿ ನಿಂತು ನೋಡುತ್ತಿದ್ದಳು. ಸುಯ್ ಅಂದಾಗಲೇ ಆ ಅಜ್ಜಿ ಅವಳ ರಟ್ಟೆ ಹಿಡಿದು ಹಿಂದಕ್ಕೆ ಎಳೆದಿದ್ದರು. ನನ್ನ ಕೈಗಿಂತ ಜಾಸ್ತಿ ನನಗೆ ಇವತ್ತಿಗೂ ಕಾಡುವುದು ಆ ಎರಡು ಹೆಜ್ಜೆ.

ಅಜ್ಜಿಯೇ ಕುಡಿಯಲು ಇಟ್ಟುಕೊಂಡಿದ್ದ ತಂಬಿಗೆ ನೀರನ್ನು ನನ್ನ ಕೈ ಮೇಲೆ ಸುರಿದರು. ಯಾರೋ ಟೂತ್‌ಪೇಸ್ಟ್ ಹಚ್ಚೋಣ ಅಂದರು. ಅಷ್ಟರಲ್ಲಿ ಮೇಸ್ತ್ರಿ ಓಡಿ ಬಂದರು. ಏನೂ ಹಚ್ಚಲು ಬಿಡಲಿಲ್ಲ. ಕೈ ಹಿಡಿದು ಹೊಳೆಗೆ ಇಳಿಸಿ, ಹರಿಯುವ ನೀರಿನಲ್ಲಿ ಬಹಳ ಹೊತ್ತು ಹಿಡಿಸಿದರು. ಡಾಕ್ಟರುಗಳು ಈಗ ಹೇಳುವುದೂ ಅದನ್ನೇ. ಸುಟ್ಟ ಜಾಗಕ್ಕೆ ಇಪ್ಪತ್ತು ನಿಮಿಷ ತಣ್ಣೀರು ಹರಿಯಬೇಕು. ಪೇಸ್ಟು ಬೇಡ, ಇಂಕು ಬೇಡ, ಐಸೂ ಬೇಡ. ಆಮೇಲೆ ಒಂದು ಜೀಪಿನಲ್ಲಿ ಆಸ್ಪತ್ರೆಗೆ ಹೋದೆ. ಒಂದೂವರೆ ತಿಂಗಳು ಸ್ಪ್ಯಾನರ್ ಹಿಡಿಯಲಾಗಲಿಲ್ಲ.

ಆ ಗಾಡಿಗೆ ಏನಾಗಿತ್ತು ಅಂತ ಮೇಸ್ತ್ರಿ ಆಮೇಲೆ ಹೇಳಿದರು. ಮೇಲಿನ ಹೋಸ್ ಪೈಪಿನ ಕ್ಲಿಪ್ಪು ಸಡಿಲವಾಗಿತ್ತು, ಅಷ್ಟೇ. ಇನ್ನರ್ಧ ಗಂಟೆ ಕಾದು, ಬರಿಗೈಯಲ್ಲಿ ಮುಟ್ಟಿ ತಣ್ಣಗಿದೆ ಅಂತ ನೋಡಿ, ಕ್ಲಿಪ್ಪು ಬಿಗಿ ಮಾಡಿ, ನೀರು ತುಂಬಿ ಕಳಿಸಿದರಂತೆ. ಅರ್ಧ ಗಂಟೆ ಕಾಯುವುದಷ್ಟೇ ಬೇಕಿತ್ತು. ಹಬೆ ನಿಂತಿದೆ ಅಂದರೆ ತಣ್ಣಗಾಗಿದೆ ಅಂತ ಅರ್ಥ ಅಲ್ಲ. ಬಿಸಿ ರೇಡಿಯೇಟರಿನ ಮುಚ್ಚಳ ಮುಟ್ಟಬೇಡಿ.

ಸರಿ, ಹಾಗಾದರೆ ಮಾಡಬೇಕಾದ್ದು ಏನು? ಟೆಂಪರೇಚರ್ ಮುಳ್ಳು ಮಧ್ಯದಿಂದ ಮೇಲೇರುತ್ತಿದೆ ಅಂತ ಕಂಡ ಕೂಡಲೇ ಎಸಿ ಆಫ್ ಮಾಡಿ. ಕಿಟಕಿ ಇಳಿಸಿ, ಹೀಟರನ್ನು ಪೂರ್ತಿ ಬಿಸಿಗೆ ಇಡಿ. ಬೇಸಿಗೆಯಲ್ಲಿ ಹೀಟರಾ ಅಂತೀರಿ. ಹೌದು. ಹೀಟರ್ ಅನ್ನುವುದೂ ಒಂದು ಪುಟ್ಟ ರೇಡಿಯೇಟರೇ, ಎಂಜಿನ್ನಿನ ಬಿಸಿಯನ್ನು ಅದು ನಿಮ್ಮ ಕಡೆಗೆ ಎಳೆದು ಹಾಕುತ್ತದೆ. ನಿಲ್ಲಿಸಲು ಜಾಗ ಸಿಗುವವರೆಗೆ ಇದು ಸಾಕು. ಮುಳ್ಳು ಕೆಂಪಿಗೆ ಹೋಯಿತು, ಅಥವಾ ಕೆಂಪು ದೀಪ ಬಂತು ಅಂದರೆ ಇನ್ನು ಒಂದು ಕಿಲೋಮೀಟರ್ ಅನ್ನಬೇಡಿ. ಎಡಕ್ಕೆ ತೆಗೆದು ಎಂಜಿನ್ ಆಫ್ ಮಾಡಿ. ಆ ಒಂದು ಕಿಲೋಮೀಟರಿಗೆ ಹೆಡ್ ಗ್ಯಾಸ್ಕೆಟ್ ಹೋಗುತ್ತದೆ, ಸಿಲಿಂಡರ್ ಹೆಡ್ ಸೊಟ್ಟಗಾಗುತ್ತದೆ. ಬಿಲ್ಲು ಸಾವಿರಗಳಲ್ಲಿ ಬರುತ್ತದೆ.

ಎಲ್ಲರೂ ಇಳಿದು ರಸ್ತೆಯಿಂದ ದೂರ ನಿಲ್ಲಿ. ಹಬೆ ಬರುತ್ತಿದ್ದರೆ ಬಾನೆಟ್ಟನ್ನೂ ಎತ್ತಬೇಡಿ. ಬಾನೆಟ್ ಎತ್ತಿದ ಮೇಲೆ ಫ್ಯಾನಿನ ಹತ್ತಿರ ಕೈ, ಸೆರಗು, ವೇಲು ಹೋಗದಿರಲಿ. ಎಂಜಿನ್ ಆಫ್ ಆಗಿದ್ದರೂ ಕೆಲವು ಗಾಡಿಗಳಲ್ಲಿ ಕರೆಂಟ್ ಫ್ಯಾನ್ ತಾನಾಗಿ ತಿರುಗುತ್ತದೆ. ಮುಕ್ಕಾಲು ಗಂಟೆ ಕಾಯಿರಿ. ಬಿಸಿ ಎಂಜಿನ್ ಮೇಲೆ ತಣ್ಣೀರು ಸುರಿಯಬೇಡಿ, ಲೋಹ ಬಿರುಕು ಬಿಡುತ್ತದೆ. ಪೂರ್ತಿ ತಣ್ಣಗಾದ ಮೇಲೆ ಪಕ್ಕದಲ್ಲಿರುವ ಕೂಲೆಂಟಿನ ಪ್ಲಾಸ್ಟಿಕ್ ಡಬ್ಬಿ ನೋಡಿ, ಕಡಿಮೆಯಾಗಿದ್ದರೆ ತುಂಬಿ. ಈಗಿನ ಎಷ್ಟೋ ಕಾರುಗಳಲ್ಲಿ ಒತ್ತಡದ ಮುಚ್ಚಳ ಇರುವುದು ಆ ಡಬ್ಬಿಯ ಮೇಲೆಯೇ. ಅದಕ್ಕೂ ಅದೇ ಮಾತು, ಬಿಸಿ ಇದ್ದರೆ ಮುಟ್ಟಬೇಡಿ. ಇದನ್ನು ಮತ್ತೆ ಮತ್ತೆ ಹೇಳುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ. ಪ್ರತಿ ಬೇಸಿಗೆಯಲ್ಲೂ ಒಬ್ಬರಾದರೂ ಕೈಗೆ ಬ್ಯಾಂಡೇಜ್ ಕಟ್ಟಿಕೊಂಡು ನನ್ನ ಗ್ಯಾರೇಜಿಗೆ ಬರುತ್ತಾರೆ.

ರೇಡಿಯೇಟರಿಗೆ ಬೋರ್‌ವೆಲ್ ನೀರು ಹಾಕುವುದನ್ನು ಮಾತ್ರ ಅಭ್ಯಾಸ ಮಾಡಿಕೊಳ್ಳಬೇಡಿ. ರಸ್ತೆಯಲ್ಲಿ ಬೇರೆ ಗತಿ ಇಲ್ಲದೆ ಹಾಕಿದರೂ ಆಮೇಲೆ ತೆಗೆಸಿ ಸರಿಯಾದ ಕೂಲೆಂಟ್ ಹಾಕಿಸಿ. ಬಿಂದಿಗೆಗೆ ಉಪ್ಪು ಕಟ್ಟುವ ಹಾಗೆ ರೇಡಿಯೇಟರಿಗೂ ಕಟ್ಟುತ್ತದೆ. ಇನ್ನೊಂದು, ಕೂಲೆಂಟ್ ರುಚಿಗೆ ಸಿಹಿ, ಆದರೆ ವಿಷ. ನೆಲಕ್ಕೆ ಚೆಲ್ಲಿದರೆ ನಾಯಿ ನೆಕ್ಕುತ್ತದೆ. ತೊಳೆದುಬಿಡಿ, ಮಕ್ಕಳ ಕೈಗೆ ಸಿಗದ ಹಾಗೆ ಇಡಿ.

ಸಮಯ ಮುಗಿಯುತ್ತಾ ಬಂತು ಅಂತ ಇಲ್ಲಿ ಸನ್ನೆ ಮಾಡುತ್ತಿದ್ದಾರೆ. ಟೈರಿನ ವಿಷಯ ಬೇಗ ಹೇಳಿಬಿಡುತ್ತೇನೆ.

ಓಡುತ್ತಿರುವಾಗ ಟೈರ್ ಒಡೆದರೆ ಬ್ರೇಕ್ ಒತ್ತಬೇಡಿ. ಎರಡೂ ಕೈಯಲ್ಲಿ ಸ್ಟೇರಿಂಗ್ ಗಟ್ಟಿಯಾಗಿ ಹಿಡಿದು ನೇರ ಇಡಿ, ಆಕ್ಸಿಲರೇಟರ್ ಮೆಲ್ಲಗೆ ಬಿಡಿ. ಗಾಡಿ ತಾನೇ ನಿಧಾನವಾಗುತ್ತದೆ, ಆಗ ಎಡಕ್ಕೆ ತನ್ನಿ. ತಿರುವಿನಲ್ಲಿ ನಿಲ್ಲಿಸಬೇಡಿ. ರಿಮ್ ಹಾಳಾದರೂ ಸರಿ, ಸಮತಟ್ಟಾದ ಜಾಗದವರೆಗೆ ತೆವಳಿಸಿ. ನಾಲ್ಕೂ ಇಂಡಿಕೇಟರ್ ಹಾಕಿ. ಡಿಕ್ಕಿಯಲ್ಲಿರುವ ಕೆಂಪು ತ್ರಿಕೋನ ತೆಗೆದು ಐವತ್ತು ಹೆಜ್ಜೆಗಿಂತ ಜಾಸ್ತಿ ಹಿಂದೆ ಇಡಿ.

ಬಲಗಡೆ ಚಕ್ರ ಹೋಗಿದ್ದು, ಪಕ್ಕದಲ್ಲೇ ಲಾರಿಗಳು ಹೋಗುತ್ತಿದ್ದರೆ ನೀವು ಕೂತು ಬಿಚ್ಚಲೇಬೇಡಿ. ರಾಷ್ಟ್ರೀಯ ಹೆದ್ದಾರಿಯಲ್ಲಿದ್ದರೆ 1033ಕ್ಕೆ ಫೋನ್ ಮಾಡಿ. ಯಾರಿಗಾದರೂ ಪೆಟ್ಟಾಗಿದ್ದರೆ 112.

ನೀವೇ ಬದಲಿಸುವುದಾದರೆ ಹ್ಯಾಂಡ್ ಬ್ರೇಕ್ ಎಳೆದು, ಗೇರಿನಲ್ಲಿಟ್ಟು, ಎದುರು ಮೂಲೆಯ ಚಕ್ರಕ್ಕೆ ಕಲ್ಲು ಕೊಡಿ. ಗಾಡಿ ನೆಲದ ಮೇಲಿರುವಾಗಲೇ ನಟ್ಟುಗಳನ್ನು ಸ್ವಲ್ಪ ಸಡಿಲ ಮಾಡಿ, ಆಮೇಲೆ ಜಾಕಿ ಏರಿಸಿ. ಗಾಡಿ ಎತ್ತಿದ ಮೇಲೆ ಸ್ಪ್ಯಾನರ್ ಜಗ್ಗಿದರೆ ಜಾಕಿ ಜಾರುತ್ತದೆ. ಜಾಕಿ ಮೇಲಿರುವ ಗಾಡಿಯ ಕೆಳಗೆ ಕೈ ಕಾಲು ಹಾಕಬೇಡಿ, ಒಳಗೆ ಯಾರನ್ನೂ ಕೂರಿಸಬೇಡಿ. ಸ್ಟೆಪ್ನಿ ಹಾಕಿ ಕೆಳಗಿಳಿಸಿದ ಮೇಲೆ ನಟ್ಟುಗಳನ್ನು ಎದುರುಬದುರಾಗಿ ಪೂರ್ತಿ ಬಿಗಿ ಮಾಡಿ.

ಸ್ಟೆಪ್ನಿ ಅಂದಾಗ ನೆನಪಾಯಿತು, ಈ ಹೆಸರು ಬಂದಿದ್ದು ಬ್ರಿಟನ್ನಿನ ವೇಲ್ಸ್‌ನ ಲನೆಲಿ ಊರಿನ ಸ್ಟೆಪ್ನಿ ಬೀದಿಯಿಂದ. ಹೆಚ್ಚುವರಿ ಚಕ್ರ ಮಾಡಿ ಮಾರಲು ಶುರುಮಾಡಿದ್ದು ಅಲ್ಲಿಯವರೇ, 1904ರಲ್ಲಿ. ಹೆಸರು ಇಷ್ಟು ದೂರ ಬಂತು, ಆದರೆ ನಮ್ಮಲ್ಲಿ ಅದಕ್ಕೆ ಗಾಳಿ ಹಾಕಿಸುವವರು ಕಡಿಮೆ. ನಾಳೆ ಪೆಟ್ರೋಲ್ ಬಂಕಿಗೆ ಹೋದಾಗ ನಾಲ್ಕು ಚಕ್ರದ ಜೊತೆ ಐದನೆಯದಕ್ಕೂ ಗಾಳಿ ನೋಡಿಸಿ. ಅದಕ್ಕೂ ಮುಂಚೆ, ಬೆಳಿಗ್ಗೆ ಗಾಡಿ ಸ್ಟಾರ್ಟ್ ಮಾಡುವ ಮೊದಲು, ಎಲ್ಲ ತಣ್ಣಗಿರುವಾಗ, ಬಾನೆಟ್ ಎತ್ತಿ ಕೂಲೆಂಟ್ ಆ ಡಬ್ಬಿಯ ಎರಡು ಗೆರೆಗಳ ನಡುವೆ ಇದೆಯಾ ನೋಡಿ. ಕಡಿಮೆಯಾಗಿದ್ದರೆ ಎಲ್ಲೋ ಸೋರುತ್ತಿರಬಹುದು. ಘಾಟಿಗೆ ಹೊರಡುವ ಮೊದಲು ನಿಮ್ಮ ಮೆಕ್ಯಾನಿಕ್‌ಗೆ ತೋರಿಸಿ.

ನಮಸ್ಕಾರ.